ಹಳೆಯ ರೇಡಿಯೊ ವಿಮಾನ ಹಾರಿಸುವ ಆಸೆಯಿದ್ದರೆ: ಯಾವ ಕಾಲ, ಯಾವ ರೇಡಿಯೊ, ಯಾವ ಎಂಜಿನ್?

ಹಳೆಯ ಕಾಲದ ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳ ಮೇಲೆ ಮನಸ್ಸು ಹೋದವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಟ್ರಾನ್ಸ್‌ಮಿಟರನ್ನು. ಯಾವುದೋ ಹರಾಜು ತಾಣದಲ್ಲಿ ಚಿನ್ನದ ಬಣ್ಣದ ಮುಖಫಲಕ, ಉದ್ದನೆಯ ಆಂಟೆನಾ ಇರುವ ಕ್ರಾಫ್ಟ್ ಕಂಪನಿಯ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ, ಕೈ ತಡೆಯುವುದಿಲ್ಲ. ಅದು ಕಡಲು ದಾಟಿ ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ, ವಿಮಾನದೊಳಗೆ ಕೂರಬೇಕಾದ ಜೊತೆಯ ರಿಸೀವರ್ ಇಲ್ಲ, ಆವರ್ತನ ನಿಗದಿ ಮಾಡುವ ಕ್ರಿಸ್ಟಲ್ ಇಲ್ಲ, ಬ್ಯಾಟರಿ ಸೋರಿ ಒಳಗೆಲ್ಲ ಹಸಿರು ಪುಡಿ ಕಟ್ಟಿದೆ. ಪೆಟ್ಟಿಗೆ ಕಪಾಟು ಸೇರುತ್ತದೆ, ವಿಮಾನ ಹಾರುವುದೇ ಇಲ್ಲ.

ಆಯ್ಕೆಯನ್ನು ಇನ್ನೊಂದು ತುದಿಯಿಂದ ಶುರು ಮಾಡಬೇಕು ಎನ್ನುವುದು ನನ್ನ ವಾದ. ಆ ಕಾಲದ ಯಾವ ಸಂಗತಿ ನಿಮ್ಮನ್ನು ಹಿಡಿದಿಟ್ಟಿದೆ? ರೇಷ್ಮೆ ಹೊದಿಸಿದ ರೆಕ್ಕೆಯೊಳಗಿಂದ ಬಿಸಿಲಿಗೆ ಕಾಣುವ ಬಾಲ್ಸಾ ಎಂಬ ಹಗುರ ಮರದ ಪಟ್ಟಿಗಳೇ? ಹರಳೆಣ್ಣೆ ಸುಟ್ಟ ವಾಸನೆಯೇ? ಅಥವಾ ಒಂದೇ ಒಂದು ಗುಂಡಿ ಒತ್ತಿ ವಿಮಾನವನ್ನು ಮೈದಾನಕ್ಕೆ ಮರಳಿ ಕರೆತರುವ ಕೈಚಳಕವೇ? ಇವುಗಳಲ್ಲಿ ಒಂದನ್ನು ಆರಿಸಿ, ಅದನ್ನು ಪೂರ್ತಿ ಹಳೆಯದಾಗಿಯೇ ಉಳಿಸಿಕೊಳ್ಳಿ. ಉಳಿದ ಕಡೆ ಇಂದಿನ ಸಲಕರಣೆ ಹಾಕಲು ಹಿಂಜರಿಯಬೇಡಿ. ಎಲ್ಲವೂ ಅಸಲಿಯೇ ಆಗಿರಬೇಕು ಎಂದು ಹಟ ಹಿಡಿದ ವಿಮಾನಗಳು ಕೆಲಸದ ಮೇಜು ಬಿಟ್ಟು ಏಳುವುದು ಅಪರೂಪ.

ಕಾಲದ ಆಯ್ಕೆ

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂನಲ್ಲಿ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು 1937ರಲ್ಲಿ ‘ಗಫ್’ ಎಂಬ ಮಾದರಿಯನ್ನು ರೇಡಿಯೊದಿಂದ ನಿಯಂತ್ರಿಸಿ ಹಾರಿಸಿದರು. ಆ ವಿಮಾನ ಈಗ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ. ಅಲ್ಲಿಂದ ಸುಮಾರು 1970ರವರೆಗಿನ ಸಲಕರಣೆಯನ್ನು ಆಯ್ಕೆಯ ದೃಷ್ಟಿಯಿಂದ ನಾಲ್ಕು ಗುಂಪು ಮಾಡಬಹುದು: ನಿರ್ವಾತ ಕೊಳವೆಗಳ ಕಾಲ, ಒಂಟಿ ಚಾನೆಲ್‌ನ (ಒಂದೇ ಸಂಕೇತದ) ಕಾಲ, ರೀಡ್‌ಗಳ ಕಾಲ, ಪ್ರೊಪೋರ್ಷನಲ್‌ನ ಕಾಲ. ಇವು ಒಂದರ ಮೇಲೊಂದು ಹಾಯ್ದಿವೆ, ಗೆರೆ ಎಳೆದಂತೆ ಬೇರೆಯಾಗಿಲ್ಲ.

ಕೊಳವೆಗಳ ಕಾಲದ್ದನ್ನು ಹಾರಿಸಲು ಕೊಳ್ಳಬೇಡಿ ಎಂದು ನೇರವಾಗಿಯೇ ಹೇಳುತ್ತೇನೆ. ಆರ್‌ಕೆ-61 ಎಂಬ ಅನಿಲ ತುಂಬಿದ ಪುಟ್ಟ ಕೊಳವೆಯ ಸುತ್ತ ಕಟ್ಟಿದ ರಿಸೀವರ್‌ಗಳು ಬಲು ಸೊಗಸಾದ ವಸ್ತುಗಳು. ಒಂದು ಕೊಳವೆ, ಒಂದು ಸೂಕ್ಷ್ಮ ರಿಲೇ, ನಾಲ್ಕಾರು ಬಿಡಿಭಾಗ, ಅಷ್ಟೇ. ಆದರೆ ಆ ಕೊಳವೆಯ ಆಯುಸ್ಸು ಕಡಿಮೆ, ಅದಕ್ಕೆ ಬೇಕಾದ ಹೆಚ್ಚು ವೋಲ್ಟೇಜಿನ ಒಣ ಬ್ಯಾಟರಿ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಪ್ರತಿ ಹಾರಾಟಕ್ಕೆ ಮುಂಚೆ ಮಿಲಿಆಂಪಿಯರ್ ಮೀಟರ್ ಸಿಕ್ಕಿಸಿ ಶ್ರುತಿ ಮಾಡಬೇಕು. ಮನೆಯ ಮೇಜಿನ ಮೇಲಿಟ್ಟು ರಿಲೇ ‘ಟಿಕ್’ ಎನ್ನುವಂತೆ ಮಾಡಿದರೆ ಅದರ ಸಂತೋಷ ಪೂರ್ತಿಯಾಗಿ ದಕ್ಕಿದಂತೆಯೇ.

ರೀಡ್ ಸೆಟ್‌ಗಳದ್ದು ಬೇರೆ ಕಥೆ. ಟ್ರಾನ್ಸ್‌ಮಿಟರ್ ಬೇರೆ ಬೇರೆ ಸ್ವರಗಳನ್ನು ಕಳಿಸುತ್ತದೆ. ರಿಸೀವರಿನೊಳಗೆ ಬಾಚಣಿಗೆಯ ಹಲ್ಲುಗಳ ಹಾಗೆ ಉದ್ದ ಕಡಿಮೆಯಾಗುತ್ತ ಹೋಗುವ ಉಕ್ಕಿನ ನಾಲಗೆಗಳಿರುತ್ತವೆ. ತನ್ನ ಸ್ವರ ಬಂದಾಗ ಮಾತ್ರ ಆಯಾ ನಾಲಗೆ ಅದುರಿ ಸಂಪರ್ಕ ಮುಟ್ಟುತ್ತದೆ, ವಿಮಾನದ ಚಲಿಸುವ ಭಾಗವನ್ನು ಅಲುಗಿಸುವ ಸರ್ವೊ ಮೋಟಾರು ತಿರುಗುತ್ತದೆ. ಹತ್ತು ಚಾನೆಲ್ ಎಂದರೆ ಹತ್ತು ನಾಲಗೆ, ಐದು ನಿಯಂತ್ರಣ. ಸ್ವಿಚ್ ಒತ್ತಿದರೆ ರಡ್ಡರ್ (ಬಾಲದ ಚುಕ್ಕಾಣಿ) ಪೂರ್ತಿ ಬಲಕ್ಕೆ, ಬಿಟ್ಟರೆ ನಡುವಿಗೆ. ಮಧ್ಯದ ಸ್ಥಿತಿ ಇಲ್ಲ. ಸ್ವಲ್ಪವೇ ತಿರುಗಿಸಬೇಕಾದರೆ ಸ್ವಿಚ್ಚನ್ನು ಬೆರಳ ತುದಿಯಿಂದ ತಟ್ಟುತ್ತಲೇ ಇರಬೇಕು. ಹೀಗೆ ತಟ್ಟುತ್ತಲೇ ಎಡ್ ಕಜ್ಮಿರ್ಸ್ಕಿ 1960ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ವಿಶ್ವ ಚಾಂಪಿಯನ್ ಆದರು ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಎಲೆಕ್ಟ್ರಾನಿಕ್ಸ್ ನಿಮ್ಮ ಮೊದಲ ಪ್ರೀತಿಯಾಗಿದ್ದರೆ, ಒಂದೊಂದು ನಾಲಗೆಯ ಸಂಪರ್ಕದ ಅಂತರವನ್ನೂ ತಾಳ್ಮೆಯಿಂದ ಹೊಂದಿಸಬಲ್ಲವರಾದರೆ, ರೀಡ್ ನಿಮ್ಮದು. ಉಳಿದವರು ಇದನ್ನು ಎರಡನೆಯ ಅಥವಾ ಮೂರನೆಯ ವಿಮಾನಕ್ಕೆ ಇಟ್ಟುಕೊಳ್ಳುವುದು ಮೇಲು.

ಪ್ರೊಪೋರ್ಷನಲ್ ಕಾಲ ಇಂದಿನವರಿಗೆ ಪರಿಚಿತ ನೆಲ. ಕಡ್ಡಿ ಎಷ್ಟು ಸರಿಯಿತೋ ರಡ್ಡರ್ ಅಷ್ಟೇ ಸರಿಯುತ್ತದೆ. ಅರವತ್ತರ ದಶಕದ ಮಧ್ಯಭಾಗದಲ್ಲಿ ಡಿಜಿಟಲ್ ಪ್ರೊಪೋರ್ಷನಲ್ ಸೆಟ್‌ಗಳು ಬಂದಾಗ ರೀಡ್‌ಗಳ ಆಟ ಬೇಗನೆ ಮುಗಿಯಿತು. 1967ರಲ್ಲಿ ಫಿಲ್ ಕ್ರಾಫ್ಟ್ ಕೋರ್ಸಿಕಾದಲ್ಲಿ ತಮ್ಮ ‘ಕ್ವಿಕ್ ಫ್ಲೈ’ ವಿಮಾನದಿಂದ ವಿಶ್ವ ಚಾಂಪಿಯನ್ ಆದರು. ಅದನ್ನು ನಡೆಸಿದ್ದು ಅವರದೇ ಕಂಪನಿಯ ರೇಡಿಯೊ. ಈಗಾಗಲೇ ಆಧುನಿಕ ವಿಮಾನ ಹಾರಿಸಬಲ್ಲವರು ಈ ಕಾಲವನ್ನು ಆರಿಸಿದರೆ ಹೊಸದಾಗಿ ಏನನ್ನೂ ಕಲಿಯಬೇಕಿಲ್ಲ. ನನ್ನ ಮಟ್ಟಿಗೆ ಅದೇ ಅದರ ಕೊರತೆಯೂ ಹೌದು. ವಿಮಾನ ನೋಡಲು ಹಳೆಯದು, ಬೆರಳಿಗೆ ಮಾತ್ರ ಇವತ್ತಿನದೇ.

ಒಂಟಿ ಚಾನೆಲ್: ನನ್ನ ಮತ ಇದಕ್ಕೆ

ಆ ಕಾಲದ ಹಾರಾಟ ನಿಜಕ್ಕೂ ಹೇಗಿತ್ತು ಎಂದು ಕಡಿಮೆ ಖರ್ಚಿನಲ್ಲಿ ತಿಳಿಯುವ ಮನಸ್ಸಿದ್ದರೆ ಒಂಟಿ ಚಾನೆಲ್ಲಿಗೆ ಸಮನಾದದ್ದು ಇಲ್ಲ. ಟ್ರಾನ್ಸ್‌ಮಿಟರಿನಲ್ಲಿ ಒಂದು ಗುಂಡಿ. ವಿಮಾನದ ಹೊಟ್ಟೆಯಲ್ಲಿ ಎಸ್ಕೇಪ್‌ಮೆಂಟ್ ಎಂಬ ಪುಟ್ಟ ಯಂತ್ರ. ಅದಕ್ಕೆ ಶಕ್ತಿ ಕೊಡುವುದು ವಿಮಾನದ ಉದ್ದಕ್ಕೂ ಬಾಲದವರೆಗೆ ಹಾಯ್ದ ರಬ್ಬರ್ ಪಟ್ಟಿ. ಹಾರಿಸುವ ಮುನ್ನ ಬಾಲದ ಕೊಕ್ಕೆ ಹಿಡಿದು ಅದನ್ನು ಸುತ್ತಬೇಕು. ಸಂಕೇತ ಬಂದಾಗ ವಿದ್ಯುತ್ಕಾಂತ ತಡೆಯನ್ನು ಸರಿಸುತ್ತದೆ, ರಬ್ಬರ್ ಒಂದು ಹೆಜ್ಜೆ ಬಿಚ್ಚಿಕೊಂಡು ರಡ್ಡರನ್ನು ತಿರುಗಿಸುತ್ತದೆ. ಸುತ್ತು ಖಾಲಿಯಾದರೆ ನಿಯಂತ್ರಣವೂ ಖಾಲಿ.

ಎಸ್ಕೇಪ್‌ಮೆಂಟ್‌ಗಳಲ್ಲೂ ಎರಡು ಬಗೆ ಇವೆ, ಕೊಳ್ಳುವಾಗ ನೋಡಿಕೊಳ್ಳಿ. ಸಾದಾ ಬಗೆಯದು ಸರದಿ ಪ್ರಕಾರ ಕೆಲಸ ಮಾಡುತ್ತದೆ: ಈ ಸಲ ಒತ್ತಿದರೆ ಬಲ, ಮುಂದಿನ ಸಲ ಒತ್ತಿದರೆ ಎಡ. ಕಳೆದ ಬಾರಿ ಯಾವ ಕಡೆ ತಿರುಗಿಸಿದೆ ಎಂಬುದನ್ನು ಹಾರಿಸುವವರೇ ನೆನಪಿಟ್ಟಿರಬೇಕು, ಅದೂ ವಿಮಾನ ಮರಗಳ ಕಡೆ ಹೊರಟಿರುವಾಗ. ಕಾಂಪೌಂಡ್ ಬಗೆಯದರಲ್ಲಿ ಈ ಗೊಂದಲವಿಲ್ಲ. ಒಂದು ಸಲ ಒತ್ತಿ ಹಿಡಿದರೆ ಯಾವಾಗಲೂ ಬಲ, ಒತ್ತಿ ಬಿಟ್ಟು ಮತ್ತೆ ಒತ್ತಿ ಹಿಡಿದರೆ ಯಾವಾಗಲೂ ಎಡ, ಕೈ ತೆಗೆದರೆ ನೇರ. ಆಯ್ಕೆಯ ಅವಕಾಶ ಇದ್ದರೆ ಕಾಂಪೌಂಡನ್ನೇ ತೆಗೆದುಕೊಳ್ಳಿ.

ಎಲಿವೇಟರ್ (ಬಾಲದ ಅಡ್ಡ ಚುಕ್ಕಾಣಿ) ಇಲ್ಲದೆ ವಿಮಾನವನ್ನು ಮೇಲೆ ಕೆಳಗೆ ಮಾಡುವುದು ಹೇಗೆ ಎಂದು ಹೊಸಬರು ಕೇಳುತ್ತಾರೆ. ಅಲ್ಲಿಯೇ ಇರುವುದು ಇದರ ಸೊಗಸು. ಬಲಕ್ಕೆ ಒತ್ತಿ ಹಿಡಿದುಕೊಂಡೇ ಇದ್ದರೆ ವಿಮಾನ ಸುರುಳಿ ಸುತ್ತುತ್ತ ಮೂಗು ಕೆಳಗೆ ಮಾಡಿ ಧುಮುಕುತ್ತದೆ, ವೇಗ ಏರುತ್ತದೆ. ಗುಂಡಿ ಬಿಟ್ಟರೆ ರೆಕ್ಕೆ ಸಮವಾಗುತ್ತದೆ, ಗಳಿಸಿದ ವೇಗವೆಲ್ಲ ಮೂಗನ್ನು ಮೇಲಕ್ಕೆತ್ತಲು ಖರ್ಚಾಗುತ್ತದೆ. ಬಿಡುವ ಹೊತ್ತು ಸರಿಯಾಗಿದ್ದರೆ ವಿಮಾನ ಪೂರ್ತಿ ಒಂದು ಲೂಪ್ ಹೊಡೆದು ಮತ್ತೆ ದಾರಿಗೆ ಬರುತ್ತದೆ. ಒಂದು ರಡ್ಡರಿನಿಂದ! ಎಂಜಿನ್ನಿಗೆ ವೇಗದ ನಿಯಂತ್ರಣವೂ ಇಲ್ಲ. ಟ್ಯಾಂಕಿನಲ್ಲಿದ್ದ ಇಂಧನ ಮುಗಿಯುವವರೆಗೆ ಪೂರ್ತಿ ಓಟ, ಆಮೇಲೆ ನಿಶ್ಶಬ್ದವಾದ ತೇಲಾಟ. ಆ ತೇಲಾಟ ಮೈದಾನದ ಮೇಲೆಯೇ ಆರಂಭವಾಗುವ ಹಾಗೆ ವಿಮಾನವನ್ನು ಗಾಳಿಯ ಎದುರು ಇಟ್ಟುಕೊಂಡಿರುವುದೇ ಹಾರಿಸುವವರ ಜಾಣ್ಮೆ. ವಿಮಾನ ಸ್ವಭಾವತಃ ತಾನೇ ಹಾರಬಲ್ಲದ್ದಾಗಿರಬೇಕು, ನೀವು ಅದಕ್ಕೆ ಆಗಾಗ ಸಲಹೆ ಕೊಡುತ್ತೀರಿ ಅಷ್ಟೇ. ಹೀಗಾಗಿ ಕಟ್ಟುವಾಗಲೇ ರೆಕ್ಕೆ ತಿರುಚಿಲ್ಲವೇ, ತೂಕದ ಕೇಂದ್ರ ನಕ್ಷೆಯಲ್ಲಿದ್ದ ಕಡೆಯೇ ಇದೆಯೇ ಎಂದು ನೋಡುವ ಶಿಸ್ತು ತಾನಾಗಿ ಬರುತ್ತದೆ. ಇದನ್ನು ಬೇರೆ ಯಾವ ಕಾಲದ ಸಲಕರಣೆಯೂ ಇಷ್ಟು ಚೆನ್ನಾಗಿ ಕಲಿಸುವುದಿಲ್ಲ.

ರಡ್ಡರ್ ಮತ್ತು ಎಲಿವೇಟರ್ ಎರಡೂ ಸದಾ ಪಟಪಟ ಬಡಿಯುತ್ತಲೇ ಇರುವ ‘ಗ್ಯಾಲಪಿಂಗ್ ಘೋಸ್ಟ್’ ಎಂಬ ನಡುವಿನ ಪದ್ಧತಿಯೂ ಇತ್ತು. ನೋಡಲು ಬಹಳ ಚೆಂದ. ಆರಂಭಕ್ಕೆ ಮಾತ್ರ ಬೇಡ.

ಅಸಲಿ ರೇಡಿಯೊ, ಅಥವಾ ಹಳೆಯ ಪೆಟ್ಟಿಗೆಯೊಳಗೆ 2.4?

ಇದರ ಬಗ್ಗೆ ಹವ್ಯಾಸಿಗಳಲ್ಲಿ ಬಿಸಿ ಬಿಸಿ ವಾದ ನಡೆಯುತ್ತದೆ. ನನ್ನ ನಿಲುವು ಸ್ಪಷ್ಟ: ಹಾರಿಸುವುದಕ್ಕೆ ಇಂದಿನ ರೇಡಿಯೊಗಳ 2.4 ಗಿಗಾಹರ್ಟ್ಸ್, ಕಾಪಿಡುವುದಕ್ಕೆ ಅಸಲಿ.

ಕಾರಣಗಳಿವೆ. ಒಂಟಿ ಚಾನೆಲ್ಲಿನ ಹಳೆಯ ಸೂಪರ್ ರಿಜನರೇಟಿವ್ ರಿಸೀವರ್‌ಗಳು ತಮ್ಮ ಪಟ್ಟಿಯಲ್ಲಿ ಯಾರೇ ಮಾತನಾಡಿದರೂ ಓಗೊಡುತ್ತವೆ. ಆಗ ಮೈದಾನದಲ್ಲಿ ಒಬ್ಬೊಬ್ಬರೇ ಸರದಿಯಲ್ಲಿ ಹಾರಿಸಬೇಕಿತ್ತು. ಕ್ರಿಸ್ಟಲ್ ಇರುವ ಸೂಪರ್‌ಹೆಟ್ ರಿಸೀವರ್‌ಗಳು ಬಂದ ಮೇಲೆ 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಎಂದು ಬಣ್ಣದ ಪಟ್ಟಿ ಕಟ್ಟಿಕೊಂಡು ಹಲವರು ಜೊತೆಗೇ ಹಾರಿಸತೊಡಗಿದರು. ಆಂಟೆನಾದ ತುದಿಯಲ್ಲಿ ಹಾರಾಡುವ ಆ ಬಣ್ಣದ ರಿಬ್ಬನ್ ನೋಡಿದರೆ ಸಾಕು, ಆ ಕಾಲದವರಿಗೆ ಎಲ್ಲವೂ ನೆನಪಾಗುತ್ತದೆ. ಆದರೆ ಅದೇ 27ರಲ್ಲಿ ಇಂದು ಅಗ್ಗದ ಆಟಿಕೆ ಕಾರುಗಳೂ ಓಡುತ್ತವೆ. ಪಕ್ಕದ ಬಯಲಿನಲ್ಲಿ ಮಗುವೊಂದು ಕಾರಿನ ಗುಂಡಿ ಒತ್ತಿದರೆ ನಿಮ್ಮ ವಿಮಾನ ತಿರುಗುವ ಅಪಾಯವಿದೆ. ಇನ್ನು 72 ಮೆಗಾಹರ್ಟ್ಸ್ ಅಮೆರಿಕದ ಪಟ್ಟಿ, 35 ಯುರೋಪಿನದು. ಅಲ್ಲಿಂದ ತರಿಸಿದ ಪೆಟ್ಟಿಗೆಯನ್ನು ಇಲ್ಲಿ ಹಾಗೆಯೇ ಚಾಲೂ ಮಾಡುವುದು ಸರಿಯಲ್ಲ. ಅಮೆರಿಕದಲ್ಲೇ 1991ರಲ್ಲಿ ಚಾನೆಲ್‌ಗಳ ನಡುವಿನ ಅಂತರ 20 ಕಿಲೊಹರ್ಟ್ಸ್‌ಗೆ ಇಳಿದಾಗ ಹಳೆಯ ಅಗಲ ಪಟ್ಟಿಯ ಸೆಟ್‌ಗಳು ಮೂಲೆ ಸೇರಿದವು. 2.4 ಗಿಗಾಹರ್ಟ್ಸ್‌ಗೆ ನಮ್ಮಲ್ಲಿ ಪರವಾನಗಿ ಬೇಡ.

ಪರಿವರ್ತನೆ ಕಷ್ಟವೇನಲ್ಲ. ಹಳೆಯ ಪೆಟ್ಟಿಗೆ, ಕಡ್ಡಿಗಳು, ಸ್ವಿಚ್‌ಗಳು ಹಾಗೆಯೇ ಇರುತ್ತವೆ. ಒಳಗೆ ಒಂದು ಪುಟ್ಟ ಎನ್‌ಕೋಡರ್ ಬೋರ್ಡು ಕಡ್ಡಿಯ ಪೊಟೆನ್ಶಿಯೊಮೀಟರನ್ನು ಓದಿ 2.4 ಮಾಡ್ಯೂಲಿಗೆ ಸಂಕೇತ ಕೊಡುತ್ತದೆ. ಒಂಟಿ ಚಾನೆಲ್ಲಿಗೂ ಇದೇ ತಂತ್ರ ನಡೆಯುತ್ತದೆ: ಗುಂಡಿಯ ಒತ್ತುಗಳನ್ನು ಎಣಿಸಿ, ಸಾಮಾನ್ಯ ಸರ್ವೊ ಒಂದು ಕಾಂಪೌಂಡ್ ಎಸ್ಕೇಪ್‌ಮೆಂಟ್ ಎಂಬಂತೆ ನಡೆದುಕೊಳ್ಳುವ ಹಾಗೆ ಮಾಡುವ ಬೋರ್ಡುಗಳಿವೆ. ಬೆರಳಿಗೆ ಅನುಭವ ಅದೇ. ರಬ್ಬರಿನ ‘ಟಕ್’ ಸದ್ದು ಇರುವುದಿಲ್ಲ, ವಿಮಾನ ಕೈ ತಪ್ಪಿ ಊರಿನ ಮೇಲೆ ಹೋಗುವ ಭಯವೂ ಬಹಳ ಕಡಿಮೆ. ಎರಡು ಮಾತು ಮಾತ್ರ ನೆನಪಿಡಿ. ಕೆಲಸ ಮಾಡುವ ಅಸಲಿ ಸೆಟ್ಟನ್ನು ಬಿಚ್ಚಬೇಡಿ, ಸತ್ತದ್ದನ್ನು ಹುಡುಕಿ ತನ್ನಿ. ತೆಗೆದ ಬೋರ್ಡುಗಳಿಗೆ ಚೀಟಿ ಅಂಟಿಸಿ ಎತ್ತಿಡಿ, ಮುಂದೆ ಯಾರಾದರೂ ಮತ್ತೆ ಜೋಡಿಸಬಹುದು.

ಅಸಲಿ ಸೆಟ್ ಕೊಳ್ಳಲೇಬೇಕು ಎನ್ನುವವರು ಬ್ಯಾಟರಿಯ ಕಡೆಯಿಂದ ಪರೀಕ್ಷೆ ಶುರು ಮಾಡಿ. ನಿಕ್ಕೆಲ್ ಕ್ಯಾಡ್ಮಿಯಂ ಕೋಶಗಳು ಹಳತಾದಾಗ ಕಪ್ಪು ಬಣ್ಣದ ಋಣ ತಂತಿಯ ತಾಮ್ರ ಒಳಗೊಳಗೇ ಕೊಳೆಯುತ್ತ ಹೋಗುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊಸದರಂತೆ ಕಾಣುತ್ತದೆ, ಒಳಗೆ ಗೆದ್ದಲು ತಿಂದ ಮರದಂತೆ ಟೊಳ್ಳು. ತಂತಿಯ ತುದಿಯನ್ನು ಸ್ವಲ್ಪ ಸುಲಿದು ನೋಡಿ: ಎಳೆಗಳು ಹೊಳೆಯುವ ಬದಲು ಕಪ್ಪಾಗಿದ್ದರೆ, ಬೆಸುಗೆ ಹಿಡಿಯದಿದ್ದರೆ, ಆ ತಂತಿಯನ್ನು ಸ್ವಿಚ್ಚಿನವರೆಗೂ ಪೂರ್ತಿ ಬದಲಿಸಬೇಕು. ಬ್ಯಾಟರಿ ಮಾತ್ರ ಬದಲಿಸಿದರೆ ಸಾಲದು. ಎರಡನೆಯದು ಸರ್ವೊ. ಮೂರು ತಂತಿಯ ಸರ್ವೊಗಳಲ್ಲಿ ಹಲವು ಇಂದಿನ ರಿಸೀವರಿಗೂ ಹೊಂದುತ್ತವೆ. ಆರಂಭದ ನಾಲ್ಕು ತಂತಿಯವುಗಳಿಗೆ ಬ್ಯಾಟರಿಯ ನಡುವಿನಿಂದ 2.4 ವೋಲ್ಟಿನ ಇನ್ನೊಂದು ಕವಲು ಬೇಕು. ಅವನ್ನು ನೇರವಾಗಿ ಸಿಕ್ಕಿಸಬೇಡಿ.

ಎಂಜಿನ್

ನಮ್ಮ ದೇಶದಲ್ಲಿ ಎನ್‌ಸಿಸಿ ವಾಯು ವಿಭಾಗದಲ್ಲಿ ಮಾದರಿ ವಿಮಾನ ಕಟ್ಟಿದವರಿಗೆ ಕೋಲ್ಕತ್ತದಲ್ಲಿ ತಯಾರಾಗುತ್ತಿದ್ದ ಅರೋರಾ ಡೀಸೆಲ್ ಎಂಜಿನ್ನಿನ ಹೆಸರು ಗೊತ್ತಿರುತ್ತದೆ. ಮಾದರಿ ಡೀಸೆಲ್ಲಿಗೆ ಪ್ಲಗ್ ಇಲ್ಲ, ಬ್ಯಾಟರಿ ಬೇಡ. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಮೂರನ್ನೂ ಹೆಚ್ಚುಕಡಿಮೆ ಸಮಪಾಲು ಬೆರೆಸಿದ ಇಂಧನ, ತಲೆಯ ಮೇಲೊಂದು ಒತ್ತಡದ ತಿರುಪು, ಬೆರಳಿನಿಂದ ಪ್ರೊಪೆಲ್ಲರ್‌ಗೆ ಒಂದು ಏಟು. ತಿರುಪನ್ನು ಸ್ವಲ್ಪ ಬಿಗಿ ಮಾಡಿ ಹೊಡೆದರೆ ಶುರುವಾಗುತ್ತದೆ, ಬಿಸಿಯಾದಂತೆ ತುಸು ಸಡಿಲಿಸಬೇಕು. ಇಂಧನ ಹೆಚ್ಚು ಸೇರಿ ಪ್ರೊಪೆಲ್ಲರ್ ಗಟ್ಟಿಯಾಗಿ ನಿಂತಿತು ಎನ್ನಿಸಿದರೆ ಬಲವಂತ ಮಾಡಬೇಡಿ, ತಿರುಪನ್ನು ಹಿಂದಕ್ಕೆ ಬಿಚ್ಚಿ. ಇಲ್ಲವಾದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವ ಇದರ ಗುಣ ತೇಲುತ್ತ ಹಾರುವ ಹಳೆಯ ವಿಮಾನಗಳಿಗೆ ಹೇಳಿ ಮಾಡಿಸಿದ್ದು. ತೊಂದರೆ ಎಂದರೆ ಇಂಧನ: ಈಥರ್ ಸುಲಭಕ್ಕೆ ಸಿಗುವುದಿಲ್ಲ, ಬಲು ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ, ಡಬ್ಬಿಯ ಮುಚ್ಚಳ ಸರಿಯಿಲ್ಲದಿದ್ದರೆ ಆರಿ ಹೋಗುತ್ತದೆ.

ರೇ ಆರ್ಡನ್ 1947ರಲ್ಲಿ ಮಾರುಕಟ್ಟೆಗೆ ತಂದ, ಕಾದ ತಂತಿಯಿಂದ ಇಂಧನ ಹೊತ್ತಿಸುವ ಗ್ಲೋ ಪ್ಲಗ್‌ನಿಂದ ಎಂಜಿನ್ ಹಗುರಾಯಿತು. ಕಿಡಿ ಹಾರಿಸುವ ಕಾಯಿಲ್, ಬ್ಯಾಟರಿ ಹೊರುವ ಕಾಟ ತಪ್ಪಿತು. ಮೆಥನಾಲ್, ಹರಳೆಣ್ಣೆ ಇದರ ಇಂಧನ, ಬೇಕಾದರೆ ನೈಟ್ರೊಮೀಥೇನ್ ಸ್ವಲ್ಪ. ಒಂಟಿ ಚಾನೆಲ್ಲಿನ ಚಿಕ್ಕ ವಿಮಾನಕ್ಕೆ 0.8 ಸಿಸಿಯ ಕಾಕ್ಸ್ ಬೇಬ್ ಬೀ ಸಾಕು; ಹಿಂದೆಯೇ ಟ್ಯಾಂಕ್ ಅಂಟಿಕೊಂಡಿರುವುದರಿಂದ ಜೋಡಿಸುವುದು ಸುಲಭ. ಅದರ ಗ್ಲೋ ತಂತಿ ಇರುವುದು ಸಿಲಿಂಡರಿನ ತಲೆಯಲ್ಲೇ, ಸುಟ್ಟರೆ ಇಡೀ ತಲೆ ಬದಲಿಸಬೇಕು. ಹಾಗಾಗಿ ಹಳೆಯದನ್ನು ಕೊಳ್ಳುವಾಗ ಒಂದೆರಡು ತಲೆಗಳನ್ನು ಜೊತೆಗೇ ತರಿಸಿ. ಮೆಥನಾಲ್ ವಿಷ, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ಹಳೆಯ ಎಂಜಿನ್ ತಿರುಗುತ್ತಿಲ್ಲ ಎಂದರೆ ಕೆಟ್ಟಿದೆ ಎಂದೇ ಅರ್ಥವಲ್ಲ. ಹರಳೆಣ್ಣೆ ವರ್ಷಗಳ ಕಾಲ ಒಣಗಿ ಅರಗಿನಂತೆ ಅಂಟಿರುತ್ತದೆ. ಒಳಗೆ ಇಂಧನ ಉಳಿದಿಲ್ಲ ಎಂದು ಖಚಿತಪಡಿಸಿಕೊಂಡು ಹದವಾಗಿ ಬಿಸಿ ಮಾಡಿ, ತೆಳು ಎಣ್ಣೆ ಬಿಟ್ಟು ಕಾಯಿರಿ. ಇಕ್ಕಳ ಹಾಕಿ ತಿರುಚಿದ ಗುರುತುಗಳಿರುವ ಎಂಜಿನ್ನನ್ನು ಮಾತ್ರ ಕೊಳ್ಳಬೇಡಿ.

ಮನೆಗಳು ಹತ್ತಿರವಿರುವ ಕಡೆ ಹಾರಿಸುವವರಿಗೆ ವಿದ್ಯುತ್ ಮೋಟಾರೇ ಸರಿ, ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಹಳೆಯ ವಿನ್ಯಾಸಗಳ ಅಗಲ ರೆಕ್ಕೆಗೆ ಬ್ರಷ್‌ಲೆಸ್ ಮೋಟಾರು ಬಹಳ ಚೆನ್ನಾಗಿ ಒಗ್ಗುತ್ತದೆ. ವಾಸನೆಯೇ ನಿಮ್ಮ ನೆನಪಿನ ಮೂಲವಾಗಿದ್ದರೆ ಮಾತ್ರ ಅದು ತೃಪ್ತಿ ಕೊಡದು.

ವಿಮಾನ ಮತ್ತು ಹೊದಿಕೆ

ಮೊದಲ ವಿಮಾನಕ್ಕೆ ನಾನು ಹೇಳುವುದು ಬ್ರಿಟನ್ನಿನ ಕೀಲ್‌ಕ್ರಾಫ್ಟ್ ಕಂಪನಿಯ ಜೂನಿಯರ್ 60. ರೇಡಿಯೊ ಇಲ್ಲದೆ ಸ್ವತಂತ್ರವಾಗಿ ಹಾರಲೆಂದೇ ಯುದ್ಧ ಮುಗಿದ ಹೊಸದರಲ್ಲಿ ರೂಪುಗೊಂಡ 60 ಇಂಚು ರೆಕ್ಕೆಯ ಈ ವಿನ್ಯಾಸ ತನ್ನ ಪಾಡಿಗೆ ತಾನು ಹಾರಬಲ್ಲದು. ರಡ್ಡರ್, ಎಲಿವೇಟರ್, ಥ್ರಾಟಲ್ (ಎಂಜಿನ್ ವೇಗದ ನಿಯಂತ್ರಣ) ಇಷ್ಟಿದ್ದರೆ ಧಾರಾಳವಾಯಿತು. ಒಳಗೆ ಜಾಗ ಬೇಕಾದಷ್ಟಿದೆ. ಅರವತ್ತರ ದಶಕದ ಅಮೆರಿಕದ ರುಚಿ ಬೇಕೆಂದರೆ ಕಾರ್ಲ್ ಗೋಲ್ಡ್‌ಬರ್ಗ್ ಕಂಪನಿಯ ಫಾಲ್ಕನ್ 56. ಇದು ಇನ್ನೂ ಗಟ್ಟಿ, ಗಾಳಿಗೆ ಹೆದರುವುದಿಲ್ಲ, ಆದರೆ ಜೂನಿಯರಿನಷ್ಟು ಕ್ಷಮಾಗುಣ ಇಲ್ಲ. ಕಜ್ಮಿರ್ಸ್ಕಿ ಅವರ ಟಾರಸ್, ಕ್ರಾಫ್ಟ್ ಅವರ ಕ್ವಿಕ್ ಫ್ಲೈ ಸ್ಪರ್ಧೆಯ ವಿಮಾನಗಳು. ಅವು ವೇಗವಾಗಿ ಇಳಿಯುತ್ತವೆ, ಒಳ್ಳೆಯ ರನ್‌ವೇ ಬೇಕು, ಅನುಭವವೂ ಬೇಕು.

ಹಳೆಯ ಕಿಟ್ ಪೆಟ್ಟಿಗೆಗೆ ಹೆಚ್ಚು ದುಡ್ಡು ಸುರಿಯುವುದಕ್ಕಿಂತ ನಕ್ಷೆ ತರಿಸಿ ಕಟ್ಟುವುದು ಲೇಸು. ದಶಕಗಳ ಕಾಲ ಪೆಟ್ಟಿಗೆಯಲ್ಲಿದ್ದ ಬಾಲ್ಸಾ ಪೆಡಸಾಗಿರುತ್ತದೆ, ಅಚ್ಚೊತ್ತಿ ಕತ್ತರಿಸಿದ ಭಾಗಗಳ ಅಂಚು ಜಜ್ಜಿರುತ್ತದೆ. ಕಟ್ಟದೆ ಇಟ್ಟರೆ ಅದಕ್ಕೆ ಬೆಲೆ; ಅದನ್ನು ನಕಲು ಮಾಡಿ ಹೊಸ ಬಾಲ್ಸಾದಲ್ಲಿ ಕತ್ತರಿಸಿದರೆ ವಿಮಾನವೂ ಹಗುರಾಗುತ್ತದೆ.

ಹೊದಿಕೆಯಲ್ಲಿ ರೇಷ್ಮೆ ಮತ್ತು ಡೋಪ್ (ಬಟ್ಟೆಯನ್ನು ಬಿಗಿಗೊಳಿಸುವ ಮೆರುಗೆಣ್ಣೆ), ಇಲ್ಲವೇ ಇಸ್ತ್ರಿಯಿಂದ ಅಂಟಿಸುವ ಪ್ಲಾಸ್ಟಿಕ್ ಫಿಲ್ಮ್. ಫಿಲ್ಮ್ ಒಂದೆರಡು ಸಂಜೆಯ ಕೆಲಸ. ರೇಷ್ಮೆಗೆ ಒಂದು ವಾರವಾದರೂ ಬೇಕು: ಒದ್ದೆ ಬಟ್ಟೆಯನ್ನು ಹಾಸಿ, ನೆರಿಗೆ ಬಾರದಂತೆ ಎಳೆದು, ಒಣಗಿದ ಮೇಲೆ ತೆಳುವಾಗಿ ಹಲವು ಸಲ ಡೋಪ್ ಬಳಿಯಬೇಕು. ಪ್ರತಿ ಸಲವೂ ಬಟ್ಟೆ ಬಿಗಿಯುತ್ತ ತಮಟೆಯ ಸದ್ದು ಕೊಡತೊಡಗುತ್ತದೆ. ಇಲ್ಲಿ ನನ್ನದು ರೇಷ್ಮೆಯ ಪಕ್ಷವೇ. ಫಿಲ್ಮ್ ಬರೀ ಮೇಲುಹೊದಿಕೆ. ಡೋಪ್ ಹೀರಿದ ರೇಷ್ಮೆ ರೆಕ್ಕೆಗೆ ನಿಜವಾದ ಬಲ ಕೊಡುತ್ತದೆ. ಸೀರೆಯ ರೇಷ್ಮೆ ಬೇಡ, ಅದು ಭಾರ; ಅಂಟು ಗಂಜಿ ಇಲ್ಲದ, ತೆಳು ನೇಯ್ಗೆಯದನ್ನು ಹುಡುಕಿ. ನೈಟ್ರೇಟ್ ಡೋಪ್ ಚೆನ್ನಾಗಿ ಅಂಟುತ್ತದೆ, ಗ್ಲೋ ಇಂಧನ ತಾಗಿದರೆ ಕರಗುತ್ತದೆ. ಆದ್ದರಿಂದ ಮೇಲಿನ ಪದರಕ್ಕೆ ಬ್ಯುಟಿರೇಟ್ ಬೇಕು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡುಗಳಲ್ಲಿ, ಡೋಪ್ ಬಳಿಯಬೇಡಿ. ಗಾಳಿಯ ತೇವ ಸೇರಿ ಮೇಲ್ಮೈ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಸಂಕ್ರಾಂತಿಯ ಆಸುಪಾಸಿನ ಒಣ ಹವೆ ಇದಕ್ಕೆ ಪ್ರಶಸ್ತ. ಕಿಟಕಿ ತೆರೆದಿರಲಿ, ಹತ್ತಿರದಲ್ಲಿ ದೀಪ ಒಲೆ ಇರದಿರಲಿ.

ಗಾತ್ರ ನಿರ್ಧರಿಸುವ ಮುನ್ನ

ಬಾಲ್ಸಾ ಕತ್ತರಿಸುವ ಮೊದಲೇ ಹಾರಿಸುವ ಜಾಗ ಗೊತ್ತು ಮಾಡಿಕೊಳ್ಳಿ. 2021ರ ಡ್ರೋನ್ ನಿಯಮಗಳ ಪ್ರಕಾರ ದೇಶದ ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಿದ ನಕ್ಷೆ ಇದೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಯಲಹಂಕ, ಜಕ್ಕೂರು, ದೇವನಹಳ್ಳಿ ಹೀಗೆ ಸುತ್ತಲೂ ನಿಲ್ದಾಣಗಳಿರುವುದರಿಂದ ನಗರದ ಬಹುಭಾಗದಲ್ಲಿ ನಿರ್ಬಂಧವಿದೆ. ಕೆರೆಯಂಗಳ ಖಾಲಿ ಕಂಡಿತು ಎಂದು ಹಾರಿಸುವಂತಿಲ್ಲ. ಹಸಿರು ವಲಯದ ಸಣ್ಣ ಬಯಲು ಸಿಕ್ಕಿದರೆ 36ರಿಂದ 40 ಇಂಚಿನ ಒಂಟಿ ಚಾನೆಲ್ ವಿಮಾನ, 0.8 ಸಿಸಿ ಎಂಜಿನ್, ಕಡಿಮೆ ಗಾಳಿಯ ಬೆಳಗಿನ ಹೊತ್ತು. ಊರಾಚೆ ಕೊಯ್ಲಾದ ದೊಡ್ಡ ಹೊಲ, ಒಪ್ಪಿಗೆ ಕೊಡುವ ರೈತರು ಇದ್ದರೆ ಜೂನಿಯರ್ 60ಕ್ಕೆ 2.5ರಿಂದ 3.5 ಸಿಸಿಯ ಡೀಸೆಲ್ ಹಾಕಿ. ರೇಡಿಯೊ ಪೆಟ್ಟಿಗೆಯ ಹುಡುಕಾಟವನ್ನು ಇವೆಲ್ಲ ಆದ ಮೇಲೆ ಶುರು ಮಾಡಿದರೆ, ಯಾವ ಕಾಲದ್ದು, ಎಷ್ಟು ಚಾನೆಲ್ಲಿನದು ಬೇಕು ಎಂದು ಹರಾಜಿನಲ್ಲಿ ಕೂಗುವ ಮುಂಚೆಯೇ ನಿಮಗೆ ಗೊತ್ತಿರುತ್ತದೆ.